ಇತಿಹಾಸ ಗ್ರಂಥಗಳ ಓದು

'ದೇಶ ಸುತ್ತು, ಕೋಶ ಓದು' ಎಂಬುದು ಕನ್ನಡಿಗರ ಹಳೆಯ ಗಾದೆ. ದೇಶ ಸುತ್ತುವುದೂ ಕೋಶ ಓದುವುದೂ ಬೇರೆ ಬೇರೆ ಕೆಲಸಗಳೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇತಿಹಾಸದ ವಿಷಯದಲ್ಲಿ ಇವೆರಡೂ ಒಂದೇ ಬಂಡಿಯ ಎರಡು ಗಾಲಿಗಳಿದ್ದಂತೆ. ಗ್ರಂಥವನ್ನು ಓದದೆ ನೋಡಿದ ಕೋಟೆ ಬರಿಯ ಕಲ್ಲುರಾಶಿಯಾಗಿ ಕಾಣುತ್ತದೆ. ಕೋಟೆಯನ್ನು ನೋಡದೆ ಓದಿದ ಗ್ರಂಥ ಇಸವಿಗಳ ಪಟ್ಟಿಯಾಗಿ ಉಳಿಯುತ್ತದೆ. ಇತಿಹಾಸವನ್ನು ಓದಬೇಕೆಂಬ ಹಂಬಲದಿಂದ ಗ್ರಂಥಾಲಯಕ್ಕೆ ಹೋದ ಸಾಮಾನ್ಯ ಓದುಗನಿಗೆ ಅಲ್ಲಿ ಪುಸ್ತಕಗಳ ಸಾಲುಸಾಲೇ ಎದುರಾಗುತ್ತದೆ. ರಾಜವಂಶಗಳ ಚರಿತ್ರೆ, ಪ್ರವಾಸಿಗರ ಬರಹ, ಐತಿಹಾಸಿಕ ಕಾದಂಬರಿ, ಸ್ಥಳಪುರಾಣ ಇವೆಲ್ಲವೂ ಒಂದೇ ಕಪಾಟಿನಲ್ಲಿ ಒತ್ತಾಗಿ ನಿಂತಿರುತ್ತವೆ. ಇವುಗಳಲ್ಲಿ ಯಾವುದನ್ನು ಮೊದಲು ಓದಬೇಕು? ಯಾವುದನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಈ ಪ್ರಶ್ನೆಗೆ ಬಲ್ಲವರು ಕೊಡುವ ಉತ್ತರ ಸರಳವಾದುದು: ಓದು ತನ್ನ ಊರಿನಿಂದ ಆರಂಭವಾಗಲಿ. ಹಿತ್ತಲ ಗಿಡ ಮದ್ದಲ್ಲವೆಂಬ ಭಾವನೆಯಿಂದ ಜನರು ಸಾಮಾನ್ಯವಾಗಿ ದೂರದ ರಾಜಧಾನಿಗಳ ಕಥೆಯನ್ನು ಮೊದಲು ಓದುತ್ತಾರೆ. ದೂರದ ಊರಿನ ಬಗ್ಗೆ ಗ್ರಂಥಕರ್ತನು ಹೇಳಿದುದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಸಾಧನ ಅವರ ಬಳಿ ಇರುವುದಿಲ್ಲ. ತನ್ನ ಊರಿನ ಕೆರೆ, ಗುಡಿ, ವೀರಗಲ್ಲುಗಳ ಬಗ್ಗೆ ಬರೆದ ಪುಸ್ತಕವನ್ನಾದರೋ ಓದುಗನು ಒಂದು ಸಂಜೆಯ ನಡಿಗೆಯಲ್ಲಿ ಒರೆಗೆ ಹಚ್ಚಿ ನೋಡಬಲ್ಲನು. ಹಾಗೆ ಪರೀಕ್ಷಿಸುವ ಅಭ್ಯಾಸ ಒಮ್ಮೆ ಬೆಳೆಯಿತೆಂದರೆ ದೂರದ ದೇಶಗಳ ಚರಿತ್ರೆಯನ್ನು ಓದುವಾಗಲೂ ಅವನ ವಿವೇಕ ಎಚ್ಚರವಾಗಿರುತ್ತದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಈ ಸೀಮೆಯಲ್ಲಿ ಚಕ್ರವರ್ತಿಗಳ ರಾಜಧಾನಿಗಳಿರಲಿಲ್ಲ. ಆದರೂ ಚನ್ನಗಿರಿಯ ಬೆಟ್ಟದ ಮೇಲೆ ಕೋಟೆಯಿದೆ. ಅದೇ ತಾಲ್ಲೂಕಿನಲ್ಲಿ ಸೂಳೆಕೆರೆಯೆಂದು ಪ್ರಸಿದ್ಧವಾದ ಶಾಂತಿಸಾಗರವಿದೆ. ಸಂತೇಬೆನ್ನೂರಿನಲ್ಲಿ ಸುಂದರವಾದ ಪುಷ್ಕರಣಿಯಿದೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯು ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಸಿಂದ ವಂಶದ ಸಾಮಂತ ಅರಸರ ನೆಲೆಯಾಗಿದ್ದಿತು. ಮಳೆ ಕಡಿಮೆಯಾದ ಜಗಳೂರಿನ ಬಯಲು ಚಿತ್ರದುರ್ಗದ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಇಲ್ಲಿಯ ಓದುಗನಿಗೆ ಪರೀಕ್ಷೆಯ ಕಲ್ಲುಗಳು ಬೇಕಾದಷ್ಟಿವೆ.

ಆದರೆ ಈ ಊರುಗಳ ಚರಿತ್ರೆಯನ್ನು ಹುಡುಕಲು ಹೊರಟ ಓದುಗನಿಗೆ ಮೊದಲ ಹೆಜ್ಜೆಯಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ದಾವಣಗೆರೆ ಜಿಲ್ಲೆಯು ರಚನೆಯಾದುದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿಯು ಅಂದು ಹೊನ್ನಾಳಿ ತಾಲ್ಲೂಕಿನ ಭಾಗವಾಗಿದ್ದು, ಪ್ರತ್ಯೇಕ ತಾಲ್ಲೂಕಾದುದು ತೀರ ಈಚೆಗೆ. ಆದುದರಿಂದ ಹಳೆಯ ಗ್ರಂಥಗಳಲ್ಲಿ 'ದಾವಣಗೆರೆ ಜಿಲ್ಲೆ' ಎಂಬ ತಲೆಬರಹವನ್ನು ಹುಡುಕುವವನಿಗೆ ಏನೂ ದೊರೆಯದು. 1967ರಲ್ಲಿ ಪ್ರಕಟವಾದ ಚಿತ್ರದುರ್ಗ ಜಿಲ್ಲೆಯ ಗೆಜೆಟಿಯರಿನಲ್ಲಿ ಜಗಳೂರಿನ ವಿವರವಿದೆ. 1975ರಲ್ಲಿ ಪ್ರಕಟವಾದ ಶಿವಮೊಗ್ಗ ಜಿಲ್ಲೆಯ ಗೆಜೆಟಿಯರಿನಲ್ಲಿ ಚನ್ನಗಿರಿ, ಹೊನ್ನಾಳಿಗಳ ವಿವರವಿದೆ. ನ್ಯಾಮತಿಯ ಊರುಗಳನ್ನು ಹೊನ್ನಾಳಿಯ ಹೆಸರಿನಡಿಯಲ್ಲಿ ಹುಡುಕಬೇಕು. ಗಡಿಗಳು ಬದಲಾಗುತ್ತವೆ, ಊರು ನಿಂತಲ್ಲಿಯೇ ನಿಂತಿರುತ್ತದೆ. ಇಂದಿನ ನಕ್ಷೆಯನ್ನು ಹಿಂದಿನ ಕಾಲದ ಮೇಲೆ ಹೊದಿಸಬಾರದೆಂಬುದು ಇತಿಹಾಸದ ಓದುಗನು ಕಲಿಯಬೇಕಾದ ಮೊದಲ ಪಾಠ.

ಗೆಜೆಟಿಯರು ಆರಂಭದ ಓದಿಗೆ ಯೋಗ್ಯವಾದ ಗ್ರಂಥ. ಒಂದು ಜಿಲ್ಲೆಯ ನೆಲ, ಜಲ, ಬೆಳೆ, ಜನಜೀವನ, ಚರಿತ್ರೆ, ನೋಡತಕ್ಕ ಸ್ಥಳಗಳು ಇವೆಲ್ಲವೂ ಅದರಲ್ಲಿ ಒಂದೆಡೆ ದೊರೆಯುತ್ತವೆ. ಮೈಸೂರು ಸಂಸ್ಥಾನದ ಮೊದಲ ಗೆಜೆಟಿಯರನ್ನು ರಚಿಸಿದವರು ಬಿ.ಎಲ್. ರೈಸ್. ಅವರು 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ವಿದ್ಯಾ ಇಲಾಖೆಯ ಅಧಿಕಾರಿಯಾಗಿ ಶಾಲೆಗಳ ತಪಾಸಣೆಗೆಂದು ಊರೂರು ತಿರುಗುತ್ತಿದ್ದಾಗ ಅವರ ಕಣ್ಣಿಗೆ ಗುಡಿಗಳ ಮುಂದೆ, ಕೆರೆಯ ಏರಿಗಳ ಮೇಲೆ, ಹೊಲದ ಬದುಗಳಲ್ಲಿ ನಿಂತಿದ್ದ ಶಾಸನಗಳು ಬಿದ್ದವು. ಮುಂದೆ ಅವರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ ಕನ್ನಡ ಪಂಡಿತರ ನೆರವಿನಿಂದ ಸಂಸ್ಥಾನದ ಎಲ್ಲ ತಾಲ್ಲೂಕುಗಳ ಶಾಸನಗಳನ್ನು ಪ್ರತಿ ಮಾಡಿಸಿ, 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಹೆಸರಿನ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದರು. ಅವುಗಳಲ್ಲಿರುವ ಶಾಸನಗಳು ಸುಮಾರು ಒಂಬತ್ತು ಸಾವಿರ. 1902ರಲ್ಲಿ ಹೊರಬಂದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರಗಳೊಡನೆ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಹನ್ನೊಂದನೆಯ ಸಂಪುಟದಲ್ಲಿ ಚಿತ್ರದುರ್ಗ ಸೀಮೆಯ ಇತರ ತಾಲ್ಲೂಕುಗಳೊಡನೆ ಜಗಳೂರಿನ ಶಾಸನಗಳಿವೆ.

ಸಾಮಾನ್ಯ ಓದುಗನು ಇಂತಹ ಸಂಪುಟವನ್ನು ಕಾದಂಬರಿಯಂತೆ ಮೊದಲಿನಿಂದ ಕೊನೆಯವರೆಗೆ ಓದಲಾರನು, ಓದಬೇಕಾಗಿಯೂ ಇಲ್ಲ. ತನ್ನ ಊರಿನ ಶಾಸನ ಯಾವುದೆಂದು ಹುಡುಕಿ, ಅದರ ಕನ್ನಡ ಪಾಠವನ್ನು ಕಲ್ಲಿನ ಎದುರಿಗೆ ನಿಂತು ಓದಿದರೆ ಸಾಕು. ಎಂಟುನೂರು, ಒಂಬೈನೂರು ವರ್ಷಗಳ ಹಿಂದೆ ಅದೇ ನೆಲದಲ್ಲಿ ಬಾಳಿದ ಒಬ್ಬ ಗೌಡ, ಒಬ್ಬ ಸೆಟ್ಟಿ, ಒಬ್ಬ ಕಲ್ಲುಕುಟಿಗ ಹೆಸರಿನೊಡನೆ ಎದುರು ಬಂದು ನಿಲ್ಲುತ್ತಾರೆ. ಕೆರೆಗೆ ಬಿಟ್ಟ ಭೂಮಿ, ದೇವರ ದೀಪಕ್ಕೆ ಕೊಟ್ಟ ಎಣ್ಣೆ, ಸಂತೆಯ ಸರಕಿನ ಮೇಲೆ ವಿಧಿಸಿದ ಸುಂಕ, ದತ್ತಿಯನ್ನು ಅಳಿದವನಿಗೆ ಹಾಕಿದ ಶಾಪ ಇವು ಶಾಸನಗಳಲ್ಲಿ ಪದೇ ಪದೇ ಬರುವ ಸಂಗತಿಗಳು. ಇವನ್ನು ಕಂಡ ಮೇಲೆ ಇತಿಹಾಸವು ಅರಸರ ಆಸ್ತಿಯೆಂಬ ಭಾವನೆ ತಾನಾಗಿಯೇ ಕರಗುತ್ತದೆ.

ಶಾಸನಗಳಿಂದ ಸಾಮಾನ್ಯ ಜನರ ಬದುಕನ್ನು ತಿಳಿಯುವುದು ಹೇಗೆಂಬುದನ್ನು ಕನ್ನಡಿಗರಿಗೆ ವಿಸ್ತಾರವಾಗಿ ತೋರಿಸಿಕೊಟ್ಟ ವಿದ್ವಾಂಸರು ಡಾ. ಎಂ. ಚಿದಾನಂದಮೂರ್ತಿ. ಅವರು ಈ ಸೀಮೆಯವರೇ ಎಂಬುದು ಗಮನಿಸತಕ್ಕ ಸಂಗತಿ. ಅವರು 1931ರಲ್ಲಿ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ ಜನಿಸಿದರು. ಮೈಸೂರಿನಲ್ಲಿ ಉನ್ನತ ವ್ಯಾಸಂಗ ಮಾಡಿ, ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 2020ರಲ್ಲಿ ನಿಧನ ಹೊಂದಿದರು. ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಎಂಬ ಗ್ರಂಥವು 1966ರಲ್ಲಿ ಪ್ರಕಟವಾಯಿತು. ಕ್ರಿ.ಶ. 450ರಿಂದ 1150ರವರೆಗಿನ ಏಳುನೂರು ವರ್ಷಗಳ ಶಾಸನಗಳು ಅದಕ್ಕೆ ಆಧಾರ. ಯಾವ ಅರಸನ ಬಳಿಕ ಯಾವ ಅರಸನು ಪಟ್ಟವೇರಿದನೆಂಬುದು ಆ ಗ್ರಂಥದ ಮುಖ್ಯ ವಿಷಯವಲ್ಲ. ಅಂದಿನ ಜನರು ಯಾವ ದೇವರುಗಳನ್ನು ನಂಬಿದ್ದರು, ವಿದ್ಯೆಯನ್ನು ಎಲ್ಲಿ ಕಲಿಯುತ್ತಿದ್ದರು, ಯಾವುದಕ್ಕಾಗಿ ಪ್ರಾಣವನ್ನು ಒಪ್ಪಿಸುತ್ತಿದ್ದರು ಎಂಬಂತಹ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದೆ.

ಊರಿನ ಹೊರಗೆ ನಿಂತಿರುವ ವೀರಗಲ್ಲಿನ ಉದಾಹರಣೆಯನ್ನೇ ನೋಡಬಹುದು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನದರಲ್ಲಿ ವೀರನು ಹೋರಾಡುತ್ತಿರುವ ದೃಶ್ಯ; ನಡುವಿನದರಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಒಯ್ಯುವ ದೃಶ್ಯ; ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತ ದೃಶ್ಯ. ಕಲ್ಲಿನಲ್ಲಿ ಹಸುಗಳ ಚಿತ್ರವಿದ್ದರೆ ಆತನು ತುರುಗಳನ್ನು ಬಿಡಿಸಲು ಕಾದಿ ಮಡಿದವನೆಂದು ತಿಳಿಯಬಹುದು. ಇದನ್ನು ಅರಿತ ವಿದ್ಯಾರ್ಥಿಯ ಕಣ್ಣಿಗೆ ಅದುವರೆಗೆ ಬರಿಯ ಕಲ್ಲಾಗಿದ್ದುದು ಒಂದು ಮನೆಯ ದುಃಖದ ಕಥೆಯಾಗಿ, ಒಂದು ಊರಿನ ಕೃತಜ್ಞತೆಯ ಗುರುತಾಗಿ ಕಾಣತೊಡಗುತ್ತದೆ. ಓದುಗನ ಕಣ್ಣನ್ನು ಹೀಗೆ ತೆರೆಯಿಸುವ ಪುಸ್ತಕವೇ ಒಳ್ಳೆಯ ಇತಿಹಾಸ ಗ್ರಂಥ.

ಒಳ್ಳೆಯ ಗ್ರಂಥವನ್ನು ಗುರುತಿಸಲು ಮೂರು ಪ್ರಶ್ನೆಗಳನ್ನು ಕೇಳಬಹುದು. ಈ ಸಂಗತಿ ತನಗೆ ಹೇಗೆ ತಿಳಿಯಿತೆಂಬುದನ್ನು ಗ್ರಂಥಕರ್ತನು ಹೇಳಿದ್ದಾನೆಯೆ? ದೃಢವಾದ ಸಂಗತಿಯನ್ನೂ ಜನರ ನಂಬಿಕೆಯನ್ನೂ ಬೇರ್ಪಡಿಸಿ ತೋರಿಸಿದ್ದಾನೆಯೆ? ತನಗೆ ಹಿಡಿಸದವರ ವಿಷಯದಲ್ಲಿಯೂ ನ್ಯಾಯವಾಗಿ ನಡೆದುಕೊಂಡಿದ್ದಾನೆಯೆ? ಈ ಮೂರರಲ್ಲಿಯೂ ತೇರ್ಗಡೆಯಾದ ಪುಸ್ತಕವು ಚಿಕ್ಕದಾಗಿದ್ದರೂ ಓದತಕ್ಕದ್ದು. ಸೋತ ಪುಸ್ತಕವು ಎಷ್ಟೇ ಸೊಗಸಾದ ಭಾಷೆಯಲ್ಲಿದ್ದರೂ ಅದನ್ನು ಎಚ್ಚರಿಕೆಯಿಂದ ಓದಬೇಕು.

ಮೊದಲ ಎರಡು ಪ್ರಶ್ನೆಗಳಿಗೆ ಸೂಳೆಕೆರೆ ಒಳ್ಳೆಯ ನಿದರ್ಶನ. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಏರಿಯನ್ನು ಕಟ್ಟಿ ನಿರ್ಮಿಸಿದ ಈ ಕೆರೆಯು ಹನ್ನೊಂದು ಅಥವಾ ಹನ್ನೆರಡನೆಯ ಶತಮಾನದ್ದೆಂದು ಹೇಳುತ್ತಾರೆ. ಶಾಂತವ್ವೆಯೆಂಬ ರಾಜಕುಮಾರಿ ಇದನ್ನು ಕಟ್ಟಿಸಿದಳೆಂದೂ ಸ್ವರ್ಗಾವತಿಯೆಂಬ ಪಟ್ಟಣವು ಕೆರೆಯ ಒಡಲಿನಲ್ಲಿ ಮುಳುಗಿತೆಂದೂ ಜನರು ಕಥೆ ಹೇಳುತ್ತಾರೆ. ಒಂದು ಪುಸ್ತಕವು ಈ ಕಥೆಯನ್ನು ಕಣ್ಣಾರೆ ಕಂಡಂತೆ ವರ್ಣಿಸಿ ಮುಂದಕ್ಕೆ ಹೋಗುತ್ತದೆ. ಇನ್ನೊಂದು ಪುಸ್ತಕವು ಅಜ್ಞಾನಿಗಳ ಕಟ್ಟುಕಥೆಯೆಂದು ಅದನ್ನು ತಳ್ಳಿಹಾಕುತ್ತದೆ. ಮೂರನೆಯದು ಕಥೆಯನ್ನು ಕಥೆಯೆಂದೇ ಹೇಳಿ, ಹೊಳೆ ಇಕ್ಕಟ್ಟಾಗಿ ಹರಿಯುವ ಜಾಗವನ್ನೇ ಏರಿಗೆ ಆರಿಸಿಕೊಂಡ ಕಟ್ಟಾಳುಗಳ ಜಾಣ್ಮೆಯನ್ನು ವಿವರಿಸಿ, ಕೆರೆಯ ನಿರ್ಮಾಣದಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಜನಮನದಲ್ಲಿ ಏಕೆ ಉಳಿಯಿತೆಂದು ವಿಚಾರಮಾಡುತ್ತದೆ. ಇವುಗಳಲ್ಲಿ ಮೂರನೆಯದೇ ಇತಿಹಾಸ.

ಮೂರನೆಯ ಪ್ರಶ್ನೆಗೆ ಸಂತೇಬೆನ್ನೂರು ಉತ್ತರ ಹೇಳುತ್ತದೆ. ಅಲ್ಲಿಯ ಪುಷ್ಕರಣಿಯನ್ನು ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪನಾಯಕನು ನಿರ್ಮಿಸಿದನು. ಹದಿನೇಳನೆಯ ಶತಮಾನದಲ್ಲಿ ವಿಜಾಪುರದ ಸೇನಾನಿ ರಣದುಲ್ಲಾಖಾನನು ಈ ಸೀಮೆಯನ್ನು ಗೆದ್ದನು. ಪುಷ್ಕರಣಿಯ ಪಕ್ಕದ ಮುಸಾಫಿರಖಾನೆ ಅವನ ಕಾಲದ್ದೆಂದು ಪ್ರಸಿದ್ಧವಾಗಿದೆ. ಆ ಗೆಲುವಿನಲ್ಲಿ ಯುದ್ಧವಿದ್ದಿತು, ನಾಶವೂ ಇದ್ದಿತು. ಅದನ್ನು ಮರೆಮಾಡಿದ ಪುಸ್ತಕ ಸತ್ಯಕ್ಕೆ ದ್ರೋಹ ಮಾಡಿದಂತೆ. ಆ ಹಗೆಯನ್ನು ಇಂದಿನ ಜನರ ತಲೆಗೆ ಕಟ್ಟುವ ಪುಸ್ತಕವೂ ಅಷ್ಟೇ ದ್ರೋಹ ಮಾಡಿದಂತೆ. ಹಿಂದಿನವರ ಜಗಳದಲ್ಲಿ ಪಾಲುಗಾರರಾಗುವುದು ಇತಿಹಾಸದ ಓದಿನ ಗುರಿಯಲ್ಲ. ನಡೆದುದನ್ನು ನಡೆದಂತೆ ಅರಿತು, ಎರಡು ಶತಮಾನಗಳ ಎರಡು ಶೈಲಿಯ ಕಟ್ಟಡಗಳು ಒಂದೇ ನೀರಿನ ದಡದಲ್ಲಿ ಉಳಿದು ಬಂದಿರುವುದನ್ನು ನೋಡುವ ಸಮಚಿತ್ತವನ್ನು ಅದು ಕೊಡಬೇಕು.

ಊರಿನ ಚರಿತ್ರೆ ನಾಡಿನ ಚರಿತ್ರೆಯೊಡನೆ ಕೂಡುವ ದಾರಿಗಳು ಅನೇಕ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಒಂದು ಸಮಾಧಿಯಿದೆ. ಅದು ಛತ್ರಪತಿ ಶಿವಾಜಿಯ ತಂದೆ ಷಹಾಜಿಯದು. ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದ ಷಹಾಜಿಯು 1664ರಲ್ಲಿ ಈ ಪ್ರದೇಶದಲ್ಲಿ ಬೇಟೆಗೆ ಹೋಗಿದ್ದಾಗ ಕುದುರೆಯಿಂದ ಬಿದ್ದು ಮರಣ ಹೊಂದಿದನು. ಅದಾದ ಸುಮಾರು ಇಪ್ಪತ್ತೈದು ವರ್ಷಗಳ ಮೇಲೆ ಅವನ ಮೊಮ್ಮಗ ರಾಜಾರಾಮನು ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಅವನಿಗೆ ಆಶ್ರಯ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಚನ್ನಗಿರಿಗೆ ಆ ಹೆಸರು ಬಂದುದು ಅವಳಿಂದಲೇ ಎಂಬ ಪ್ರತೀತಿಯೂ ಉಂಟು. ಹೊದಿಗೆರೆಯ ವಿದ್ಯಾರ್ಥಿಯು ಮರಾಠರ ಚರಿತ್ರೆಯನ್ನು ಓದುವಾಗ ಅದು ಅವನಿಗೆ ಪರನಾಡಿನ ಕಥೆಯಾಗಿ ಉಳಿಯುವುದಿಲ್ಲ.

ಕೆಳದಿಯ ಚರಿತ್ರೆಗೆ ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ಎಂಬ ಕಾವ್ಯ ಮುಖ್ಯವಾದ ಆಕರ. ಆದರೆ ಅದು ಆ ವಂಶದ ಕೀರ್ತಿಯನ್ನು ಸಾರಲು ಹುಟ್ಟಿದ ಕೃತಿ. ಒಡೆಯರ ಸೋಲನ್ನು ಮೆಲ್ಲಗೆ ನುಡಿಯುವುದೂ ಗೆಲುವನ್ನು ಗಟ್ಟಿಯಾಗಿ ಸಾರುವುದೂ ಇಂತಹ ಕಾವ್ಯಗಳ ಸಹಜ ಗುಣ. ಹಾಗೆಂದು ಅದನ್ನು ಬಿಡಬೇಕಾಗಿಲ್ಲ. ಶಾಸನಗಳೊಡನೆಯೂ ಬೇರೆಯವರ ಬರಹಗಳೊಡನೆಯೂ ಹೋಲಿಸಿ ಓದಬೇಕು. ಕೆಳದಿಯಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ವಿದ್ವಾಂಸ ಕೆಳದಿ ಗುಂಡಾಜೋಯಿಸರು ಓಲೆಗರಿಗಳನ್ನೂ ಕಾಗದಪತ್ರಗಳನ್ನೂ ಮನೆಮನೆಗಳಿಂದ ಕೂಡಿಸಿದುದು ಇಂತಹ ಹೋಲಿಕೆಗೆ ಅನುಕೂಲವಾಗಲೆಂದೇ.

ಜಗಳೂರಿನ ಓದುಗನಿಗೆ ಚಿತ್ರದುರ್ಗದ ಪಾಳೆಯಗಾರರ ಚರಿತ್ರೆ ಹತ್ತಿರದ್ದು. ಎಂ.ಎಸ್. ಪುಟ್ಟಣ್ಣನವರು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ತಿಳಿಗನ್ನಡದಲ್ಲಿ ಬರೆದರು. ಹುಲ್ಲೂರು ಶ್ರೀನಿವಾಸಜೋಯಿಸರು ದುರ್ಗದ ಶಾಸನಗಳನ್ನೂ ದಾಖಲೆಗಳನ್ನೂ ಅರಸುವುದಕ್ಕೆ ತಮ್ಮ ಬಾಳನ್ನೇ ಮುಡಿಪಾಗಿಟ್ಟರು. ಆದರೆ ಹೆಚ್ಚು ಜನರಿಗೆ ದುರ್ಗದ ಕಥೆಯನ್ನು ತಿಳಿಸಿದವು ತ.ರಾ. ಸುಬ್ಬರಾಯರ ಕಾದಂಬರಿಗಳು. 1779ರಲ್ಲಿ ದುರ್ಗವು ಹೈದರಾಲಿಯ ವಶವಾದ ಸಂದರ್ಭವನ್ನು ಚಿತ್ರಿಸುವ 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಇಂತಹ ಕಾದಂಬರಿಯು ಓದುಗನಲ್ಲಿ ಇತಿಹಾಸದ ಹಸಿವನ್ನು ಹುಟ್ಟಿಸುತ್ತದೆ. ಆದರೆ ಮದಕರಿನಾಯಕನು ಏಕಾಂತದಲ್ಲಿ ಏನೆಂದು ಮರುಗಿದನೆಂಬುದನ್ನು ಕಾದಂಬರಿಕಾರನು ಕಲ್ಪಿಸಬಹುದು, ಇತಿಹಾಸಕಾರನು ಕಲ್ಪಿಸುವಂತಿಲ್ಲ. ಕಾದಂಬರಿಯನ್ನು ಓದಿ ಮುಗಿಸಿದವನು ಪಾಳೆಯಗಾರರ ಚರಿತ್ರೆಯನ್ನೂ ತೆರೆದು, ಎಲ್ಲಿ ದಾಖಲೆ ಮುಗಿದು ಎಲ್ಲಿ ಕಲ್ಪನೆ ತೊಡಗಿತೆಂದು ನೋಡಿದರೆ ಎರಡರ ಸವಿಯೂ ಹೆಚ್ಚುತ್ತದೆ.

ಕಲ್ಲಿನಲ್ಲಿಯೂ ಕಾವ್ಯದಲ್ಲಿಯೂ ಹೆಸರು ಪಡೆಯದ ಜನರೂ ಬಹಳ ಮಂದಿ ಇದ್ದರೆಂಬುದನ್ನು ಮರೆಯಬಾರದು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಬಂಜಾರ ಜನರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜಿಸುತ್ತಾರೆ. ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದೇಶದ ಉದ್ದಗಲಕ್ಕೆ ಸಾಗಿಸಿದ ಈ ಜನರ ನೆನಪು ಬಹುಮಟ್ಟಿಗೆ ಹಾಡುಗಳಲ್ಲಿ ಉಳಿದಿದೆ. ಚಿತ್ರದುರ್ಗ ಸೀಮೆಯ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಥೆಯನ್ನು ಹಾಡುತ್ತ ಬಂದಿದ್ದಾರೆ. ಇಂತಹ ಹಾಡುಗಳಲ್ಲಿ ಇಸವಿಗಳು ದೊರೆಯುವುದು ಅಪರೂಪ. ಆದರೆ ಅಲೆದಾಟದ ದಾರಿಗಳು, ಮೇವಿಗಾಗಿ ನಡೆದ ಹೋರಾಟ, ಬರಗಾಲದ ನೋವು, ಜನರು ಯಾರನ್ನು ದೊಡ್ಡವರೆಂದು ಬಗೆದರೆಂಬುದು ದೊರೆಯುತ್ತವೆ. ಜಾನಪದ ವಿದ್ವಾಂಸರು ಸಂಗ್ರಹಿಸಿ ಅಚ್ಚುಹಾಕಿಸಿರುವ ಕಾವ್ಯಗಳನ್ನೂ ಇತಿಹಾಸದ ಕಪಾಟಿನ ಪಕ್ಕದಲ್ಲಿಯೇ ಇರಿಸಿಕೊಂಡು ಓದುವುದು ಯುಕ್ತ.

ಊರನ್ನು ಅರಿತ ಬಳಿಕ ನಾಡನ್ನು ಅರಿಯಬೇಕು. 1917ರಲ್ಲಿ ಆಲೂರು ವೆಂಕಟರಾಯರು ಪ್ರಕಟಿಸಿದ 'ಕರ್ನಾಟಕ ಗತವೈಭವ' ಈ ದಾರಿಯಲ್ಲಿ ಹಳೆಯ ಮೈಲಿಗಲ್ಲು. ಕನ್ನಡಿಗರು ಅಂದು ಹಲವು ಆಡಳಿತಗಳ ನಡುವೆ ಹರಿದು ಹಂಚಿಹೋಗಿದ್ದರು. ತಾವು ಒಂದು ಜನವೆಂಬ ಅರಿವನ್ನು ಅವರಲ್ಲಿ ಮೂಡಿಸುವುದು ಆ ಗ್ರಂಥದ ಉದ್ದೇಶವಾಗಿದ್ದಿತು. ಈ ಉದ್ದೇಶವನ್ನು ತಿಳಿದು ಓದಿದವನಿಗೆ ಅದರ ಅಭಿಮಾನವೂ ಅರ್ಥವಾಗುತ್ತದೆ, ಅದರ ಮಿತಿಯೂ ಅರ್ಥವಾಗುತ್ತದೆ. ರಾಜ್ಯ ಗೆಜೆಟಿಯರಿನ ಪ್ರಧಾನ ಸಂಪಾದಕರಾಗಿದ್ದ ಡಾ. ಸೂರ್ಯನಾಥ ಕಾಮತರ 'ಕರ್ನಾಟಕದ ಸಂಕ್ಷಿಪ್ತ ಇತಿಹಾಸ'ವು ಇಡೀ ನಾಡಿನ ಚರಿತ್ರೆಯನ್ನು ಒಂದೇ ಸಂಪುಟದಲ್ಲಿ ಅಡಕವಾಗಿ ಹೇಳುವುದರಿಂದ ಕೈಪಿಡಿಯಂತೆ ಉಪಯೋಗಕ್ಕೆ ಬರುತ್ತದೆ. ಭಾರತದ ವಿಷಯಕ್ಕೆ ಡಾ. ಎಸ್. ಶ್ರೀಕಂಠಶಾಸ್ತ್ರಿಗಳು 1954ರಲ್ಲಿ ಕನ್ನಡದಲ್ಲಿಯೇ ಬರೆದ 'ಭಾರತೀಯ ಸಂಸ್ಕೃತಿ' ಇದೆ.

ಜಗತ್ತಿನ ಚರಿತ್ರೆಯನ್ನು ಎಳೆಯರಿಗೆ ಹೇಳುವುದು ಹೇಗೆಂಬುದಕ್ಕೆ ಜವಾಹರಲಾಲ್ ನೆಹರೂ ಅವರ ಪತ್ರಗಳು ಮಾದರಿ. 1930ರಿಂದ 1933ರವರೆಗೆ ಸೆರೆಮನೆಯಿಂದ ಮಗಳು ಇಂದಿರೆಗೆ ಅವರು ಬರೆದ ಪತ್ರಗಳು 1934ರಲ್ಲಿ ಗ್ರಂಥರೂಪವಾಗಿ ಪ್ರಕಟವಾದವು. ಗ್ರಂಥಾಲಯದ ಅನುಕೂಲವಿಲ್ಲದ ಸೆರೆಯಲ್ಲಿ, ನೆನಪು ಮತ್ತು ಟಿಪ್ಪಣಿಗಳ ಆಧಾರದಿಂದ ಬರೆದುದಾದ್ದರಿಂದ ಎಲ್ಲ ವಿವರಗಳಿಗೂ ಅದನ್ನೇ ಪ್ರಮಾಣವೆಂದು ಹಿಡಿಯಲಾಗದು. ಆದರೆ ಒಂದು ದೇಶದ ಘಟನೆಗೆ ಇನ್ನೊಂದು ದೇಶದ ಘಟನೆಯನ್ನು ಜೋಡಿಸಿ ನೋಡುವ ದೃಷ್ಟಿಯನ್ನು ಅದು ಕಲಿಸುತ್ತದೆ.

ಇಷ್ಟೆಲ್ಲ ಓದಿದವನು ಇನ್ನೊಂದು ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇತಿಹಾಸ ಗ್ರಂಥಗಳಿಗೂ ವಯಸ್ಸಾಗುತ್ತದೆ. ಅಶೋಕನ ಶಾಸನಗಳು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಸುತ್ತಮುತ್ತ ಇವೆಯೆಂಬುದನ್ನು ರೈಸ್ ಅವರು 1892ರಲ್ಲಿ ಪತ್ತೆಹಚ್ಚಿದರು. ಅದಕ್ಕೆ ಮೊದಲು ಬರೆದ ಪುಸ್ತಕಗಳಿಗೆ ಆ ಸಂಗತಿ ತಿಳಿದಿರುವುದು ಸಾಧ್ಯವಿರಲಿಲ್ಲ. ಹಾಗೆ ಹನ್ನೆರಡು ಸಂಪುಟಗಳನ್ನು ಹೊರತಂದ ರೈಸ್ ಅವರಿಗೂ ಹಲ್ಮಿಡಿ ಶಾಸನ ತಿಳಿದಿರಲಿಲ್ಲ, ಡಾ. ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದುದು 1936ರಲ್ಲಿ, ರೈಸ್ ತೀರಿಕೊಂಡ ಒಂಬತ್ತು ವರ್ಷಗಳ ಮೇಲೆ. ಹಳೆಯ ಗ್ರಂಥವು ತಪ್ಪೆಂದು ಇದರ ಅರ್ಥವಲ್ಲ. ಅದು ಯಾವ ವರ್ಷದ್ದೆಂದು ನೋಡಿ, ಆಮೇಲೆ ದೊರೆತ ಹೊಸ ಆಧಾರಗಳನ್ನು ಕೂಡಿಸಿಕೊಂಡು ಓದಬೇಕು. ಪುಸ್ತಕದ ಮೊದಲ ಪುಟಗಳಲ್ಲಿ ಅಚ್ಚಾಗಿರುವ ಇಸವಿ ಬರಿಯ ಅಲಂಕಾರವಲ್ಲ.

ಹೊಸ ಆಧಾರಗಳು ದೊರೆಯುವಂತೆ ಹಳೆಯ ಆಧಾರಗಳು ಕಳೆದುಹೋಗುವುದೂ ಉಂಟು. ನಾಡಿನ ಅನೇಕ ಕಡೆಗಳಲ್ಲಿ ಶಾಸನದ ಕಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲುಗಳಾಗಿವೆ. ಮೋರಿಯ ಮೇಲಿನ ಚಪ್ಪಡಿಗಳಾಗಿವೆ. ನಿಧಿಯ ಆಸೆಯಿಂದ ಅಗೆದವರ ಕೈಯಲ್ಲಿ ಒಡೆದು ಚೂರಾಗಿವೆ. ಗುಡಿಯ ಜೀರ್ಣೋದ್ಧಾರದ ಹೆಸರಿನಲ್ಲಿ ಅಕ್ಷರಗಳ ಮೇಲೆ ಸುಣ್ಣ, ಬಣ್ಣಗಳು ಬಳಿದುಕೊಂಡಿವೆ. ಕಲ್ಲು ಅಳಿದು, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಚ್ಚಾದ ಅದರ ಪಾಠವೊಂದೇ ಪುಸ್ತಕದಲ್ಲಿ ಉಳಿದಿರುವ ನಿದರ್ಶನಗಳೂ ಇವೆ. ಅಚ್ಚಾಗದೆ ಅಳಿದ ಕಲ್ಲಿನ ಮಾತನ್ನು ಮರಳಿ ಪಡೆಯುವ ಉಪಾಯ ಮಾತ್ರ ಯಾರ ಬಳಿಯೂ ಇಲ್ಲ. ಓದಿ ತಿಳಿದವರು ಊರಿನಲ್ಲಿ ಒಬ್ಬರಿದ್ದರೂ ಒಂದು ಕಲ್ಲು ಉಳಿಯುತ್ತದೆ.

ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಆಸಕ್ತಿ. ಸಾರ್ವಜನಿಕ ಗ್ರಂಥಾಲಯಗಳಿಗಾಗಿ ರಾಜ್ಯದಲ್ಲಿ 1965ರಲ್ಲಿಯೇ ಶಾಸನಬದ್ಧವಾದ ವ್ಯವಸ್ಥೆ ಏರ್ಪಟ್ಟಿತು. ತಾಲ್ಲೂಕಿನ ಗ್ರಂಥಾಲಯದಲ್ಲಿ ದೊರೆಯದ ಪುಸ್ತಕವನ್ನು ಜಿಲ್ಲೆಯ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಬಹುದು. ಹಳೆಯ ಶಾಸನ ಸಂಪುಟಗಳು ಇಂದು ಗಣಕಯಂತ್ರದ ಮೂಲಕವೂ ಓದಲು ದೊರೆಯುತ್ತವೆ. ಓದುವಾಗ ಒಂದು ಟಿಪ್ಪಣಿ ಪುಸ್ತಕ ಜೊತೆಗಿರಲಿ. ಎಡದ ಪುಟದಲ್ಲಿ ಗ್ರಂಥಕರ್ತನು ಹೇಳಿದ ಸಂಗತಿ, ಬಲದ ಪುಟದಲ್ಲಿ ಅದಕ್ಕೆ ಅವನು ಕೊಟ್ಟ ಆಧಾರ, ಹೀಗೆ ಬರೆಯುತ್ತ ಹೋದರೆ ಬಲದ ಪುಟ ಬರಿದಾಗಿ ಉಳಿದ ಪುಸ್ತಕ ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ.

ಹಿರೇಕೋಗಲೂರಿನಲ್ಲಿ ಹುಟ್ಟಿದ ಒಬ್ಬ ಬಾಲಕನು ಕಲ್ಲುಗಳ ಮಾತನ್ನು ಕೇಳಲು ಕಲಿತು, ಕನ್ನಡ ನಾಡಿನ ಏಳುನೂರು ವರ್ಷಗಳ ಜನಜೀವನವನ್ನು ಗ್ರಂಥವಾಗಿಸಿದನು. ಆ ಗ್ರಂಥಕ್ಕೆ ಆಧಾರವಾದಂತಹ ಕಲ್ಲುಗಳು ಚನ್ನಗಿರಿಯಿಂದ ಜಗಳೂರಿನವರೆಗೆ ಇಂದಿಗೂ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ನಿಂತಿವೆ. ಅವುಗಳ ಮುಂದೆ ಪುಸ್ತಕವನ್ನು ಹಿಡಿದು ನಿಲ್ಲುವ ಓದುಗರು ಬೇಕು.

ಶಬ್ದಾರ್ಥ

ಆಕರ – ಮೂಲ, ಆಧಾರ
ಒರೆಗೆ ಹಚ್ಚು – ಪರೀಕ್ಷಿಸು
ಜಹಗೀರು – ಸೇವೆಗಾಗಿ ಅರಸನು ಕೊಟ್ಟ ಭೂಮಿ ಅಥವಾ ಪ್ರದೇಶ
ತುರು – ಹಸು, ದನ
ದತ್ತಿ – ದಾನವಾಗಿ ಬಿಟ್ಟುಕೊಟ್ಟ ಭೂಮಿ, ಹಣ ಮೊದಲಾದುದು
ಪುಷ್ಕರಣಿ – ಮೆಟ್ಟಿಲುಗಳಿರುವ ಕೊಳ
ಪ್ರತೀತಿ – ಜನರಲ್ಲಿ ರೂಢಿಯಾಗಿರುವ ನಂಬಿಕೆ
ಮುಸಾಫಿರಖಾನೆ – ಪ್ರಯಾಣಿಕರು ತಂಗುವ ಕಟ್ಟಡ
ಸಮಚಿತ್ತ – ಪಕ್ಷಪಾತವಿಲ್ಲದ ಮನಸ್ಸು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು 1997ಕ್ಕೆ ಮೊದಲು ಯಾವ ಜಿಲ್ಲೆಗೆ ಸೇರಿದ್ದವು?
2. 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ವು ಯಾವ ಕಾಲದ ಶಾಸನಗಳನ್ನು ಆಧರಿಸಿದೆ?
3. ಹೊದಿಗೆರೆಯಲ್ಲಿ ಯಾರ ಸಮಾಧಿಯಿದೆ?
4. ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರು ಯಾರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಇತಿಹಾಸದ ಓದು ತನ್ನ ಊರಿನಿಂದ ಏಕೆ ಆರಂಭವಾಗಬೇಕು?
2. ವೀರಗಲ್ಲಿನ ಮೂರು ಅಂಕಣಗಳಲ್ಲಿ ಏನೇನು ಇರುತ್ತದೆ?
3. ಐತಿಹಾಸಿಕ ಕಾದಂಬರಿಗೂ ಇತಿಹಾಸ ಗ್ರಂಥಕ್ಕೂ ಇರುವ ವ್ಯತ್ಯಾಸವೇನು?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಒಳ್ಳೆಯ ಇತಿಹಾಸ ಗ್ರಂಥವನ್ನು ಗುರುತಿಸುವ ಮೂರು ಪ್ರಶ್ನೆಗಳನ್ನು ನಿದರ್ಶನಗಳೊಡನೆ ವಿವರಿಸಿರಿ.
2. 'ಇತಿಹಾಸ ಗ್ರಂಥಗಳಿಗೂ ವಯಸ್ಸಾಗುತ್ತದೆ' – ಈ ಮಾತನ್ನು ಸಮರ್ಥಿಸಿರಿ.

ಈ. ಬಿಡಿಸಿ ಬರೆದು, ಸಂಧಿಯ ಹೆಸರನ್ನು ತಿಳಿಸಿರಿ.
ಗ್ರಂಥಾಲಯ, ಜೀರ್ಣೋದ್ಧಾರ, ಊರೂರು, ತಿಳಿಗನ್ನಡ

ಉ. ಚಟುವಟಿಕೆ
ನಿಮ್ಮ ಊರಿನಲ್ಲಿ ಅಥವಾ ನೆರೆಯ ಊರಿನಲ್ಲಿ ಇರುವ ಒಂದು ಶಾಸನ, ವೀರಗಲ್ಲು ಅಥವಾ ಹಳೆಯ ಕೆರೆಯನ್ನು ನೋಡಿ ಬನ್ನಿರಿ. ಅದರ ಬಗ್ಗೆ ಹಿರಿಯರು ಹೇಳುವ ಕಥೆಯನ್ನು ಒಂದು ಪುಟದಲ್ಲಿಯೂ ಪುಸ್ತಕದಲ್ಲಿ ದೊರೆತ ಸಂಗತಿಯನ್ನು ಇನ್ನೊಂದು ಪುಟದಲ್ಲಿಯೂ ಬರೆದು, ತರಗತಿಯಲ್ಲಿ ಓದಿರಿ.